ಮಸ್ಕಿಯ ಯಹೂದಿ

ಮಸ್ಕಿಯ ಬಸ್ ನಿಲ್ದಾಣದ ಹಿಂದೆ ಹೊಲಿಗೆ ಮಷೀನು ತುಳಿಯುತ್ತಿದ್ದ ಅಲ್ಲಾಭಕ್ಷನಿಗೆ ಎರಡು ಹುಚ್ಚು. ಒಂದು ಬೀಡಿ, ಇನ್ನೊಂದು ನಾಟಕ. ಬೀಡಿಯನ್ನು ಹೆಂಡತಿ ಲಾಲ್‌ಬೀ ಬಿಡಿಸಿದಳು. ನಾಟಕ ಬಿಡಿಸುವುದು ಅವಳಪ್ಪನಿಂದಲೂ ಆಗಲಿಲ್ಲ. ರಾಜ, ಗೌಡ, ಕುಡುಕ, ಶರಣ, ಯಾವ ಪಾತ್ರ ಕೊಟ್ಟರೂ ಸೈ. ಶರಣನಾದಾಗ ಹಣೆತುಂಬ ವಿಭೂತಿ ಬಳಿದುಕೊಂಡು, ಅದನ್ನು ಒರೆಸದೆಯೇ ಮನೆಗೆ ಹೋಗಿ ಉಂಡು ಮಲಗುತ್ತಿದ್ದ ಮನುಷ್ಯ. ಯಾರೂ ಏನೂ ಅಂದಿರಲಿಲ್ಲ. ಅನ್ನುವಂಥದ್ದು ಅದರಲ್ಲಿ ಏನಿತ್ತು ಹೇಳಿ?

ತೊಂಬತ್ತಮೂರರ ಬೇಸಿಗೆಯಲ್ಲಿ, ನೌಕರಿಯಿಂದ ರಿಟೈರಾಗಿದ್ದ ಅಮರಗುಂಡಪ್ಪ ಮಾಸ್ತರರು ಹೊಸ ನಾಟಕವೊಂದನ್ನು ತಂದರು. ಪರದೇಶದ್ದು, ಬಲು ಹಳೆಯದು. ಅವರೇ ಕನ್ನಡಕ್ಕೆ ಇಳಿಸಿದ್ದರು. ಅದರಲ್ಲೊಬ್ಬ ಯಹೂದಿ ವ್ಯಾಪಾರಿ. ಊರಿನ ಕ್ರೈಸ್ತರು ಅವನನ್ನು ಕಂಡಲ್ಲೆಲ್ಲ ಹಂಗಿಸುತ್ತಾರೆ, ಉಗುಳುತ್ತಾರೆ. ಸೇಡಿಗೆ ಬಿದ್ದ ಅವನು ಕೋರ್ಟಿಗೆ ಹೋಗಿ ಸೋಲುತ್ತಾನೆ. ಕೊನೆಗೆ ಅವನ ಮತವನ್ನೇ ಬಿಡಿಸಿ ಕ್ರೈಸ್ತನನ್ನಾಗಿ ಮಾಡುತ್ತಾರೆ.

ಮಸ್ಕಿಯಲ್ಲಿ ಯಹೂದಿಯನ್ನು ಕಂಡವರು ಯಾರು?

"ಹ್ಯಾಂಗಿರ್ತಾನ್ರಿ ಅವ?" ಎಂದು ಪಂಪಣ್ಣ ಕೇಳಿದ. ಗೊಬ್ಬರದಂಗಡಿಯ ಪಂಪಣ್ಣ ಈ ನಾಟಕ ಮಂಡಳಿಯ ಖಾಯಂ ನಾಯಕ, ಅಲ್ಲಾಭಕ್ಷನ ಚಡ್ಡಿ ದೋಸ್ತ.

"ಗಡ್ಡ ಬಿಡ್ತಾರ. ತೆಲಿ ಮ್ಯಾಲ ಸಣ್ಣ ಟೊಪ್ಪಿಗಿ ಇಟ್ಕೊಂತಾರ," ಅಂದರು ಮಾಸ್ತರರು.

ಎಲ್ಲರ ಕಣ್ಣೂ ಒಟ್ಟಿಗೇ ಅಲ್ಲಾಭಕ್ಷನ ಮೇಲೆ ಬಿದ್ದವು. ಗಡ್ಡ ಬಿಡು, ಜುಮ್ಮಾ ನಮಾಜಿಗೆ ಹಾಕುವ ಟೊಪ್ಪಿಗೆಯನ್ನೇ ತಾ ಅಂದರು. ಕ್ರೈಸ್ತರ ಪೋಷಾಕು ಸಿಂಧನೂರಿನ ನಾಟಕದ ಡ್ರೆಸ್ ಅಂಗಡಿಯಲ್ಲೂ ಸಿಗಲಿಲ್ಲವಾಗಿ ಅವರಿಗೆ ಧೋತರ, ಶಲ್ಯ, ಹಣೆಗೆ ವಿಭೂತಿ ಎಂದಾಯಿತು. ಮತ ಬಿಡಿಸುವ ದೃಶ್ಯಕ್ಕೇನು ಮಾಡುವುದು? ಪಂಪಣ್ಣ ಟೊಪ್ಪಿಗೆ ತೆಗೆದು ವಿಭೂತಿ ಹಚ್ಚಿದರಾಯಿತು, ಜನಕ್ಕೆ ತಿಳಿಯುತ್ತದೆ ಅಂದರು. ತಿಳಿಯದೆ ಏನು, ಬೇಕಾದ್ದಕ್ಕಿಂತ ಹೆಚ್ಚೇ ತಿಳಿಯುತ್ತಿತ್ತು.

ಹಿಂದಿನ ಚಳಿಗಾಲದಿಂದ ಊರಿನ ಗಾಳಿ ನೆಟ್ಟಗಿರಲಿಲ್ಲ. ಎಲ್ಲೋ ದೂರದ ಗಲಾಟೆ ಪೇಪರಿನಲ್ಲಿ ಬಂದು ಚಹಾದಂಗಡಿಯಲ್ಲಿ ಠಿಕಾಣಿ ಹೂಡಿತ್ತು. ಅಲ್ಲಾಭಕ್ಷ ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು.

"ಈ ಪಾತ್ರ ನಾ ಒಲ್ಲೆರೀ ಮಾಸ್ತರ," ಅಂದ.

"ಯಾಕಪಾ? ನಾಟಕ ಅಲ್ಲೇನದು?"

ಹಿಂದಿನಿಂದ ಯಾರೋ ಅಂದರು, "ನೋಡ್ರಿ, ಇವನೂ ಬ್ಯಾರೆ ಆದ."

ಅತ್ತ ಮಸೀದಿಯ ಹಿರಿಯರು ಅವನನ್ನು ಕರೆದು, "ಮಾಡೀದಿ ಅಂದ್ರ ಜುಮ್ಮಾಕ್ಕ ಯಾವ ಮಾರಿ ಇಟ್ಕೊಂಡು ಬರ್ತೀ?" ಎಂದು ಕೇಳಿದರು. ಹೂಂ ಅಂದರೆ ಅವರಿಗೆ ಬೇಡ, ಊಹೂಂ ಅಂದರೆ ಇವರಿಗೆ ಬೇಡ. ಅವನಿಗೆ ಊಟ ಸೇರದಾಯಿತು. ಹೊಲಿಯಲು ಕೂತರೆ ಒಂದೇ ತೋಳನ್ನು ಎರಡು ಸಲ ಹೊಲಿಯುತ್ತಿದ್ದ.

ಕೊನೆಗೆ ಪಂಪಣ್ಣ ಅಂಗಡಿಗೆ ಬಂದು ಕೈ ಹಿಡಿದುಕೊಂಡ. "ಟೊಪ್ಪಿಗಿ ಮುಟ್ಟಂಗಿಲ್ಲ ಲೇ. ನಮ್ಮವ್ವನ ಆಣಿ. ತೆಲಿ ಮ್ಯಾಲ ಬರೇ ಕೈ ಇಡ್ತೀನಿ, ಪರದೆ ಬೀಳತೈತಿ. ಮುಗೀತು."

ಆ ಆಣೆಯನ್ನು ನಂಬಿ ಅಲ್ಲಾಭಕ್ಷ ಬಣ್ಣ ಹಚ್ಚಿದ.

ಅವನು ಪಾತ್ರ ಮಾಡಿದ್ದನ್ನು ಏನು ಹೇಳಲಿ. ಕೋರ್ಟಿನ ದೃಶ್ಯದಲ್ಲಿ ಅವನು ಸೋತು ನಿಂತದ್ದನ್ನು ಕಂಡು ಅಮರಗುಂಡಪ್ಪನವರೇ ಕಣ್ಣೊರೆಸಿಕೊಂಡರು. ಪಂಪಣ್ಣ ಮುಂದೆ ಬಂದು ಅವನ ತಲೆಯ ಮೇಲೆ ಕೈ ಇಟ್ಟ. ಪರದೆ ಎಳೆಯುವವನು ಹಗ್ಗ ಹಿಡಿದ. ಅಷ್ಟರಲ್ಲಿ ಜನರ ನಡುವಿನಿಂದ ಒಂದು ದನಿ ಬಂತು.

"ತಗೀಯಲೇ ಅದನ್ನ."

ಒಂದು ದನಿ ಹತ್ತಾಯಿತು, ಹತ್ತು ಮೈದಾನವೇ ಆಯಿತು. ಪಂಪಣ್ಣ ಗೆಳೆಯನನ್ನು ನೋಡಿದ, ಜನರನ್ನು ನೋಡಿದ. ಟೊಪ್ಪಿಗೆ ತೆಗೆದ. ತನ್ನ ಹಣೆಯ ವಿಭೂತಿಯನ್ನೇ ಬೆರಳಿಗೆ ತೀಡಿಕೊಂಡು ಅವನ ಹಣೆಗೆ ಎಳೆದ. ಸಿಳ್ಳೆ, ಕೇಕೆ, ಆಮೇಲೆ "ಒನ್ಸ್ ಮೋರ್".

ನಮ್ಮ ಕಡೆ ಒನ್ಸ್ ಮೋರ್ ಅಂದರೆ ಅಪ್ಪಣೆ. ಸತ್ತ ಪಾತ್ರವೂ ಎದ್ದು ಮತ್ತೆ ಸಾಯಬೇಕು. ಒಲ್ಲೆ ಅಂದ ನಟ ಈ ಸೀಮೆಯಲ್ಲಿ ಹುಟ್ಟಿಲ್ಲ. ಅಲ್ಲಾಭಕ್ಷ ತೋಳಿನಿಂದ ಹಣೆ ಒರೆಸಿಕೊಂಡ. ಪಂಪಣ್ಣನ ಕೈಯಿಂದ ಟೊಪ್ಪಿಗೆ ಇಸಿದುಕೊಂಡು ತಾನೇ ತಲೆಗೆ ಇಟ್ಟುಕೊಂಡ.

"ನನ್ ಕೈಲೆ ಆಗಂಗಿಲ್ಲ ಲೇ," ಪಂಪಣ್ಣ ಪಿಸುಗುಟ್ಟಿದ.

"ತಗಿ. ಜನ ಕೇಳಾಕತ್ತಾರ."

ಮತ್ತೆ ತೆಗೆದ. ಮತ್ತೆ ಕೂಗಿದರು. ಆ ಸಲ ಅಲ್ಲಾಭಕ್ಷನ ಕಣ್ಣು ಹೆಂಗಸರು ಕೂತ ಕಡೆ ಹೋಯಿತು. ಅಲ್ಲಿ ಲಾಲ್‌ಬೀ ಕಂಡಳು. ಆಮೇಲೆ ಅವನು ಆ ದಿಕ್ಕಿಗೆ ತಿರುಗಲಿಲ್ಲ. ಮುಂದೆ ಯಾವ ನಾಟಕದಲ್ಲೂ ಬಣ್ಣ ಹಚ್ಚಲಿಲ್ಲ.

ಮರುದಿನ ಮುಂಜಾನೆ ಒಲೆಯ ಮುಂದೆ ಬಂದು ಕೂತ.

"ನೀನೂ ಚಪ್ಪಾಳಿ ತಟ್ಟಾಕತ್ತಿದ್ದಿ," ಅಂದ.

ಲಾಲ್‌ಬೀ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಬಾಜೂ ಕುಂತ ಹೆಣಮಕ್ಕಳು ನನ್ನ ಕೈ ನೋಡಾಕತ್ತಿದ್ರು," ಅಂದಳು.