ಗೋವಿಂದ ಅನ್ನದ ಮಕ್ಕಳು

ನಮ್ಮ ಶಾಲೆಗೆ ಬರಲಿದ್ದ ಹರಿಕಥೆಯ ದಾಸರು ರೈಲಿನಲ್ಲಿ ನಿದ್ದೆಹೋಗಿ, ಬಂಗಾರಪೇಟೆಯಲ್ಲಿ ಇಳಿಯದೆ ನೇರವಾಗಿ ಜೋಲಾರಪೇಟೆ ಸೇರಬಹುದಿತ್ತು. ಇಳಿದರೂ, ಗಣಿಯ ಕಡೆಗೆ ಹೋಗುವ ಪುಟ್ಟ ರೈಲು ಅವರನ್ನು ಬಿಟ್ಟು ಹೊರಡಬಹುದಿತ್ತು. ಹಾರ್ಮೋನಿಯಂ ರೈಲಿನಲ್ಲೇ ಉಳಿಯಬಹುದಿತ್ತು. ಹೂವಿನ ಹಾರವನ್ನು ಮೇಕೆ ತಿನ್ನಬಹುದಿತ್ತು. ನಮ್ಮ ಶಾಲೆಯಲ್ಲಿ ಮೇಕೆಗಳ ಹಾಜರಿ ಮಕ್ಕಳ ಹಾಜರಿಗಿಂತ ಚೆನ್ನಾಗಿತ್ತು. ಕಥೆಯ ನಡುವೆ ನೆಲದಡಿ ಬಂಡೆ ಸಿಡಿದು ಹೆಂಚು ಉದುರಬಹುದಿತ್ತು. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು ಆಡುವ ಮಕ್ಕಳಿಗೆ ದಾಸರ ಕನ್ನಡ ತಲೆಗೆ ಹತ್ತದಿರಬಹುದಿತ್ತು. ಹಾಲಿಗೆ ಮೆಣಸು ಹೆಚ್ಚಾಗಿ ದಾಸರ ಗಂಟಲು ಕಟ್ಟಬಹುದಿತ್ತು. ವಾರವೆಲ್ಲ ನಾನು ಇದನ್ನೇ ಜಪಿಸುವುದನ್ನು ಕೇಳಿ ಕೇಳಿ ನನ್ನ ಹೆಂಡತಿ, “ದಾಸ್ರು ಸತ್ತೋಗ್ಬೋದು ಅನ್ನೋದೊಂದು ಬಿಟ್ಟಿದೀರ. ಅದನ್ನೂ ಸೇರಿಸ್ಕಳಿ” ಎಂದಳು. ಸೇರಿಸಿಕೊಂಡೆ.

ಇಷ್ಟು ಹೆದರಲು ಕಾರಣವಿತ್ತು. ಐವತ್ತರ ದಶಕದ ಕೊನೆಯ ಮಾತು. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕಾರ್ಮಿಕರ ಲೈನುಮನೆಗಳಿಗೆ ಅಂಟಿಕೊಂಡಿದ್ದ ಒಂದು ಪ್ರೈಮರಿ ಶಾಲೆಯಲ್ಲಿ ನಾನು ಹಂಗಾಮಿ ಮೇಷ್ಟ್ರು. ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ನಮ್ಮ ಹೆಡ್‌ಮಾಸ್ತರರಿಗೆ ಕಲೆಯೆಂದರೆ ಗೋಡೆಗೆ ಸುಣ್ಣ ಬಳಿಯುವುದು. ಬೇರೊಂದು ಶಾಲೆಗೆ ಯಾರೋ ಕಲಾವಿದರು ಬಂದದ್ದನ್ನು ಇನ್‌ಸ್ಪೆಕ್ಟರು ಹೊಗಳಿದ ಮೇಲೆ ಅವರಿಗೂ ಮಕ್ಕಳ ಕಲಾಭಿರುಚಿಯ ಚಿಂತೆ ಹತ್ತಿಕೊಂಡಿತು. ಚಿಂತೆ ಅವರದು, ಓಡಾಟ ನನ್ನದು.

“ನೋಡಿ ಮೇಷ್ಟ್ರೇ,” ಎಂದರು. “ದಾಸ್ರು ವಿಸಿಟರ್ಸ್ ಬುಕ್ಕಲ್ಲಿ ನಾಕು ಒಳ್ಳೆ ಮಾತು ಬರೆದ್ರೆ ಇನ್‌ಸ್ಪೆಕ್ಟ್ರ ಮುಂದೆ ಇಡ್ತೀನಿ, ನಿಮ್ಮ ಕೆಲಸ ಖಾಯಂ ಮಾಡುಸ್ತೀನಿ. ಬರೀಲಿಲ್ಲ ಅಂದ್ರೆ ಬೇಸಿಗೆ ರಜ ಆದ್ಮೇಲೆ ನೀವು ಈ ಕಡೆ ಬರೋ ತ್ರಾಸ ಇರಲ್ಲ.”

ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದ ಭಯವನ್ನು ಇನ್ನೂ ಹೇಳಿಲ್ಲ. ಶಾಲೆಯ ಗೋಡೆಯಾಚೆಯೇ ತಟ್ಟಿಮನೆಗಳು. ರಾತ್ರಿ ಪಾಳಿ ಮುಗಿಸಿ ಬಂದವರು ಹಗಲೆಲ್ಲ ಅಲ್ಲಿ ಮಲಗುತ್ತಿದ್ದರು. ಹಿಂದಿನ ತಿಂಗಳು ನಾಲ್ಕನೇ ಕ್ಲಾಸು ಮಗ್ಗಿ ಹೇಳುತ್ತಿದ್ದಾಗ ಒಬ್ಬಾತ ಲುಂಗಿ ಎತ್ತಿಕಟ್ಟಿಕೊಂಡು ಬಾಗಿಲಿಗೇ ಬಂದಿದ್ದ. “ಮೇಷ್ಟ್ರೇ, ರಾತ್ರಿಯೆಲ್ಲಾ ಬಂಡೆ ಒಡೆದು ಬಂದಿವ್ನಿ. ಏಳೇಳ್ಲ ನಲವತ್ತೊಂಬತ್ತು ಅಂತ ನಂಗೂ ಗೊತ್ತು. ಇನ್ನೊಂದ್ ದಪ ಕೇಳುಸ್ತೂ ಅಂದ್ರೆ ನಿಮ್ಮುನ್ನೇ ಶಾಫ್ಟಲ್ಲಿ ಇಳುಸ್ತೀನಿ.” ಅಂದಿನಿಂದ ನಮ್ಮಲ್ಲಿ ಮಗ್ಗಿಯನ್ನೂ ಪಿಸುಮಾತಿನಲ್ಲೇ ಕಲಿಸುತ್ತಿದ್ದೆವು. ಹೆಡ್‌ಮಾಸ್ತರರು ಇದಕ್ಕೆ ಶಿಸ್ತು ಎಂದು ಹೆಸರಿಟ್ಟರು.

ಹರಿಕಥೆಯ ದಿನ ಆ ಲುಂಗಿ ಮತ್ತೆ ಬಾಗಿಲಿಗೆ ಬಂದರೆ? ದಾಸರು ಗದ್ದಲ ಮಾಡಿದರೆ ಅದು ದಾಸರ ಪಾಪ, ಮಕ್ಕಳು ಮಾಡಿದರೆ ನನ್ನದು ಎಂದು ಲೆಕ್ಕ ಹಾಕಿದೆ. ವಾರವಿಡೀ ಮಕ್ಕಳನ್ನು ತಯಾರು ಮಾಡಿದೆ. ಕೂತ ತಕ್ಷಣ ತುಟಿಯ ಮೇಲೆ ಬೆರಳು. ದಾಸರು ಕುಣಿಯಲಿ, ಅಳಲಿ, ಏನೇ ಕೇಳಲಿ, ನಾನು ಬೆರಳು ತೆಗೆಯುವ ತನಕ ಯಾರೂ ತೆಗೆಯಕೂಡದು.

ದಾಸರು ಬಂಗಾರಪೇಟೆಯಲ್ಲೇ ಇಳಿದರು. ಹಾರ್ಮೋನಿಯಂ ಕೂಡ ಇಳಿಯಿತು. ಮೈಸೂರಿನ ಕಡೆಯವರು, ಜರತಾರಿ ಶಲ್ಯ, ಕಿವಿಯಲ್ಲಿ ಕಡುಕು, ದಾರಿಯುದ್ದಕ್ಕೂ ಮೂಗಿನ ಮೇಲೆ ಕರವಸ್ತ್ರ. ಗಣಿಯ ಬಿಳಿ ಮಣ್ಣಿನ ದಿಬ್ಬಗಳನ್ನು ಕಂಡು, “ಈ ಧೂಳಿನಲ್ಲಿ ದೇವರೂ ಕೆಮ್ಮುತ್ತಾನೆ” ಎಂದರು. ಆಮೇಲೆ, “ಕೂಲಿಯವರ ಮಕ್ಕಳೋ? ಇವಕ್ಕೆ ಪ್ರಹ್ಲಾದನ ಕಥೆ ಸಾಕು. ದೊಡ್ಡ ಕಥೆಗಳನ್ನು ಇಂಥ ಕಡೆ ನಾನು ಬಿಚ್ಚುವುದಿಲ್ಲ” ಎಂದರು. ನಾನು ಹಲ್ಲು ಕಿರಿದೆ. ಅವರ ಚೀಲವನ್ನು ಹೆಗಲಿಗೇರಿಸಿಕೊಂಡು, ಹೌದು ಸ್ವಾಮಿ, ಹೌದು ಸ್ವಾಮಿ ಎಂದೆ. ನಮ್ಮಿಬ್ಬರಲ್ಲಿ ಯಾರು ಹೆಚ್ಚು ಅಲ್ಪ ಎಂಬುದು ಇಷ್ಟು ವರ್ಷವಾದರೂ ನನಗೆ ತೀರ್ಮಾನವಾಗಿಲ್ಲ.

ಮೇಕೆ ಹಾರದ ಹತ್ತಿರ ಸುಳಿಯಲಿಲ್ಲ. ಹಾಲಿಗೆ ಮೆಣಸು ಹದವಾಗಿಯೇ ಬಿತ್ತು. ಕಥೆ ಶುರುವಾಯಿತು. ಮಕ್ಕಳು ಸಾಲುಸಾಲಾಗಿ, ತುಟಿಯ ಮೇಲೆ ಬೆರಳಿಟ್ಟು, ಕಣ್ಣು ಕೂಡ ಮಿಟುಕಿಸದೆ ಕೂತಿದ್ದರು. ಮಾದರಿಯಾಗಲೆಂದು ಪಕ್ಕದಲ್ಲಿ ನಾನೂ ಹಾಗೇ ಕೂತಿದ್ದೆ. ಹೆಡ್‌ಮಾಸ್ತರರು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು.

ಹರಿಕಥೆಯಲ್ಲಿ ಒಂದು ಕಟ್ಟಳೆ ಉಂಟು. ದಾಸರು ದೇವರ ಹೆಸರು ಹಿಡಿದು ಕೂಗಿದರೆ ಸಭೆಯೆಲ್ಲ ಗೋವಿಂದ ಎನ್ನಬೇಕು. ಅಷ್ಟು ಹೊತ್ತು ದಾಸರು ಉಸಿರು ತಿರುಗಿಸಿಕೊಳ್ಳುತ್ತಾರೆ. ಹಸುಗೂಸಿಗೂ ಗೊತ್ತಿರುವ ಈ ಸಂಗತಿ ನನ್ನ ಅಷ್ಟುದ್ದದ ಪಟ್ಟಿಯಲ್ಲಿ ಇರಲೇ ಇಲ್ಲ.

“ಶ್ರೀಮದ್ರಮಾರಮಣ...” ಎಂದು ದಾಸರು ಕೈಯಲ್ಲಿದ್ದ ಚಿಟಿಕೆ ತಾಳವನ್ನು ಎತ್ತಿ ಹಿಡಿದರು.

ಸಭೆಯಲ್ಲಿ ಉಸಿರಿಲ್ಲ.

ಇನ್ನೊಮ್ಮೆ ಎಳೆದರು. ಮಕ್ಕಳು ಬೆರಳನ್ನು ಇನ್ನಷ್ಟು ಒತ್ತಿಕೊಂಡು ನನ್ನ ಕಡೆ ನೋಡಿದರು. ನಾನು ತಕ್ಷಣ ಬೆರಳು ತೆಗೆದು ಗೋವಿಂದ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಕಣ್ಣು ಬಾಗಿಲಲ್ಲಿತ್ತು, ಕಿವಿ ತಟ್ಟಿಮನೆಯಲ್ಲಿತ್ತು, ಬೆರಳು ಇದ್ದಲ್ಲೇ ಇತ್ತು.

ಮೂರನೆಯ ಸಲ ಕೂಗುವಾಗ ದಾಸರ ದನಿ ಒಡೆಯಿತು. ಆಗ ಗೋಡೆಯಾಚೆಯಿಂದ, ನಿದ್ದೆ ತುಂಬಿದ ಗಂಟಲಲ್ಲಿ, “ಗೋವಿಂದಾ... ಗೋವಿಂದ!” ಎಂದು ಬಂತು. ಅದೇ ಏಳೇಳ್ಲ ನಲವತ್ತೊಂಬತ್ತರ ಲುಂಗಿಯವನ ದನಿ. ಹಿಂದೆಯೇ ಪಕ್ಕದ ಮನೆಯಿಂದೊಂದು, ಆಚೆ ಲೈನಿನಿಂದ ನಾಲ್ಕು. ರಾತ್ರಿ ಪಾಳಿಯವರೆಲ್ಲ ಚಾಪೆಯ ಮೇಲೆ ಎದ್ದು ಕೂತು ಕಥೆ ಕೇಳುತ್ತಿದ್ದರೆಂದು ಆಗ ಗೊತ್ತಾಯಿತು.

ದಾಸರಿಗೆ ಅದು ಅಣಕದಂತೆ ಕೇಳಿಸಿರಬೇಕು. ಪ್ರಹ್ಲಾದನನ್ನು ಬೆಟ್ಟದ ತುದಿಯಲ್ಲೇ ಬಿಟ್ಟು ಮಂಗಳ ಹಾಡಿಬಿಟ್ಟರು. “ಮೂಗ ಮಕ್ಕಳ ಶಾಲೆಯೆಂದು ಮೊದಲೇ ತಿಳಿಸಬಾರದಿತ್ತೇ?” ಎಂದು ಹೆಡ್‌ಮಾಸ್ತರರನ್ನು ಕೇಳಿದರು. ನಾನು ವಿಸಿಟರ್ಸ್ ಬುಕ್ಕನ್ನು ಮುಂದೆ ಹಿಡಿದೆ. ಗೆರೆ ಎಳೆದು, ಅವರ ಬಿರುದುಗಳನ್ನೆಲ್ಲ ಮೇಲೆ ಬರೆದು, ಮಸಿ ತುಂಬಿದ ಪೆನ್ನು ಇಟ್ಟಿದ್ದೆ. ಅವರು ಪೆನ್ನನ್ನು ನೋಡಿದರು, ನನ್ನನ್ನು ನೋಡಿದರು, ಕರವಸ್ತ್ರ ಮೂಗಿಗೆ ಹಿಡಿದು ಹೊರಟೇಬಿಟ್ಟರು.

“ಬೇಸಿಗೇಲಿ ರೆಸ್ಟ್ ತಗಳಿ ಮೇಷ್ಟ್ರೇ,” ಎಂದರು ಹೆಡ್‌ಮಾಸ್ತರರು.

ಬಾಗಿಲ ಹೊರಗೆ ಚಿಟಿಕೆಯ ಸದ್ದು ದೂರವಾಯಿತು. ಮಕ್ಕಳು ಇನ್ನೂ ಎದ್ದಿರಲಿಲ್ಲ. ನನ್ನ ಬೆರಳು ತುಟಿಗೆ ಮರಳಿದ್ದು ನನಗೇ ಗೊತ್ತಿರಲಿಲ್ಲ. ಮುಂದಿನ ಸಾಲಿನ ಎರಡನೇ ಕ್ಲಾಸಿನ ಹುಡುಗಿ ತನ್ನ ಬೆರಳನ್ನು ಅರ್ಧ ಎತ್ತಿ ಪಿಸುಗುಟ್ಟಿದಳು:

“ಸಾ, ಈವಾಗ ಗೋವಿಂದ ಅನ್ಬೋದಾ?”