ಎರಡು ಮನೆ, ಎರಡು ಚಿಲಕ

ಸೋತು ಸುಣ್ಣವಾಗಿದ್ದ ನಮ್ಮ ಪಕ್ಷಕ್ಕೆ ಬೂತ್ ಸಮಿತಿ ಕಟ್ಟಲು ಹರವೆ ಕಡೆಯ ಒಂದೂರಿಗೆ ಒಬ್ಬನೇ ಹೋಗಿದ್ದೆ. ಎಳನೀರು ಕೆತ್ತುತ್ತಿದ್ದ ಮೊದಲ ಮನೆಯವನು ನನ್ನ ಹೆಗಲ ಮೇಲಿನ ಪಕ್ಷದ ಶಾಲು ಕಂಡದ್ದೇ, ಮಚ್ಚು ಹಿಡಿದುಕೊಂಡೇ ನನ್ನನ್ನು ಒಳಕ್ಕೆಳೆದು ಚಿಲಕ ಹಾಕಿದ.

"ಶಾಲು ತಗ್ದು ಬ್ಯಾಗಿಗ್ ಆಕು. ನಾನೂ ನಿಮ್ ಪಾರ್ಟಿನೇ ಕಣಪ್ಪ. ಪಕ್ಕದ್ಮನೆಯೋನ್ಗೆ ಗೊತ್ತಾದ್ರೆ ನನ್ನ ಉಳ್ಸಕಿಲ್ಲ. ಯಾರ್ಗೂ ಯೋಳಕಿಲ್ಲ ಅಂತ ಮಾದಪ್ಪನ್ ಮ್ಯಾಲೆ ಆಣೆ ಮಾಡು."

ಮಚ್ಚು ನೋಡುತ್ತಲೇ ಆಣೆ ಮಾಡಿದೆ.

ಹಿತ್ತಿಲಿಂದ ನುಸುಳಿದರೆ ಆ ಪಕ್ಕದ ಮನೆಯವನೇ ಎದುರಿಗೆ! ಬ್ಯಾಗಿನಿಂದ ಇಣುಕುತ್ತಿದ್ದ ಶಾಲಿನ ಅಂಚು ಕಂಡು ಅವನೂ ರಟ್ಟೆ ಹಿಡಿದು ಒಳಗೊಯ್ದು ಚಿಲಕ ಹಾಕಿದ.

"ನಾನೂ ನಿಮ್ಮೋನೆಯ. ಆ ಮನೆಯೋನ್ಗೆ ಯೋಳ್ಬುಟ್ಟೀಯ, ಜ್ವಾಕೆ!" ಎಂದು ಪಿಸುಗುಟ್ಟಿದ. ಮತ್ತೆ ಮಾದಪ್ಪನಾಣೆ.

ಸಮಿತಿಗೆ ಇಬ್ಬರು ಸಿಕ್ಕಿದ್ದಾರೆ. ಸಭೆ ಕರೆಯೋಣವೆಂದರೆ, ಮಚ್ಚಿಗಿಂತ ಈಗ ಮಾದಪ್ಪನ ಭಯವೇ ಹೆಚ್ಚಾಗಿದೆ.