ಅಳಿಯನ ಬೈಕಿಗೆ ಭಾವನ ಔಷಧಿ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಆಸ್ಪತ್ರೆಯಲ್ಲಿ ಕಂಪೌಂಡರ್. ಜೀವಮಾನವೆಲ್ಲ ಔಷಧಿ ಅಳೆದು ಕೊಟ್ಟ ಮನುಷ್ಯ. ಜ್ವರ ಬಂದ ನೆಂಟನೇ ಎದುರು ನಿಂತು ಗೋಗರೆದರೂ ಚೀಟಿಯಲ್ಲಿ ಬರೆದದ್ದಕ್ಕಿಂತ ಒಂದು ಮಾತ್ರೆ ಹೆಚ್ಚಿಗೆ ಕೊಟ್ಟವರಲ್ಲ. ಆ ನೆಂಟ ನಾನೇ.

ಮನೆಯಲ್ಲಿ ಅವರ ಕೈಗೆ ಸಿಕ್ಕ ಕಾಯಂ ರೋಗಿ ಅವರ ಬೈಕು. ಪೆಟ್ರೋಲ್ ಉರಿದು ಎಂಜಿನ್ನಿನೊಳಗೆ ಮಸಿ ಕಟ್ಟುತ್ತದಲ್ಲ, ಅದನ್ನು ಕರಗಿಸಲು ಪೆಟ್ರೋಲಿಗೆ ಬೆರೆಸುವ ದ್ರವವೊಂದು ಪುಟ್ಟ ಬಾಟಲಿಗಳಲ್ಲಿ ಸಿಗುತ್ತದೆ. ಭಾವ ಅದನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದು, ಬೆಳಕಿಗೆ ಹಿಡಿದು, ಗಾಳಿಯ ಗುಳ್ಳೆ ಹೊರಹಾಕಿ, ಆಮೇಲೆ ಟ್ಯಾಂಕಿಗೆ ಬಿಡುತ್ತಿದ್ದರು. ಗುಳ್ಳೆ ಒಳಗೆ ಹೋದರೆ ಬೈಕು ಸಾಯುತ್ತದೆಯೇ ಎಂದು ಒಮ್ಮೆ ಕೇಳಿದ್ದೆ. ಅವರು ನೋಡಿದ ನೋಟಕ್ಕೆ ಮತ್ತೆ ಕೇಳಲಿಲ್ಲ.

ಅವರ ಒಬ್ಬಳೇ ಮಗಳು ಲಿಫ್ಟ್ ರಿಪೇರಿ ಮಾಡುವ ಹುಡುಗನೊಬ್ಬನನ್ನು ಮೆಚ್ಚಿ ಮದುವೆಯಾದಳು. ಹುಡುಗನ ಮೇಲೆ ಭಾವನಿಗೆ ತಕರಾರಿರಲಿಲ್ಲ. ತಮ್ಮನ್ನು ಒಂದು ಮಾತು ಕೇಳಲಿಲ್ಲ ಎಂಬುದೇ ತಕರಾರು. ಕೇಳಿದ್ದರೆ ಒಪ್ಪುತ್ತಿದ್ದೆ ಎಂದು ಅವರೇ ನನ್ನೆದುರು ಹೇಳಿದ್ದಾರೆ. ಆದರೆ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಸಿಟ್ಟಿನಲ್ಲಿ ಅಂದುಬಿಟ್ಟಿದ್ದರು. ಆಡಿದ ಮಾತನ್ನು ನುಂಗುವ ಅಭ್ಯಾಸ ಅವರಿಗಿಲ್ಲ. ಅಕ್ಕ ಇಂಥದ್ದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಮನಸ್ಸು ಬಂದಾಗ ಬಸ್ಸು ಹತ್ತಿ ಮಗಳ ಮನೆಗೆ ಹೋಗಿ ಇದ್ದು ಬರುತ್ತಿದ್ದಳು.

ಒಂದು ದಿನ ಅಕ್ಕನನ್ನು ವಾಪಸ್ಸು ಬಿಡಲು ಅಳಿಯ ತನ್ನ ಬೈಕಿನಲ್ಲಿ ಬಂದ. ಗೇಟಿನಲ್ಲೇ ಇಳಿಸಿ ಹೋದ. ಭಾವ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದರು, ಆದರೆ ಕಿವಿಗೆ ಏನು ಮುಚ್ಚುತ್ತಾರೆ? ಎಂಜಿನ್ ಕೆಮ್ಮುತ್ತಿತ್ತು. ಆ ರಾತ್ರಿ ಅವರು ಸರಿಯಾಗಿ ಊಟ ಮಾಡಲಿಲ್ಲವಂತೆ. ಮುಂದಿನ ಭಾನುವಾರ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಗಳ ಮನೆಯ ಬೀದಿಗೆ ಹೊರಟರು. ಅಳಿಯನ ಬೈಕು ಹೊಸ್ತಿಲಿನ ಹೊರಗೆ, ಕಿಟಕಿಯ ಕೆಳಗೆ ನಿಂತಿರುತ್ತದೆ. ಹಾಗಾಗಿ ಮಾತಿಗೆ ಭಂಗವಿಲ್ಲ.

ಅಲ್ಲಿಂದ ಪ್ರತಿ ಭಾನುವಾರ ಇದೇ ಕಥೆ. ನಾನು ಒಳಗೆ ಹೋಗಿ ಟ್ಯಾಂಕಿನ ಕೀ ತಂದುಕೊಡುವುದು, ಭಾವ ಹೊರಗೆ ಬೈಕಿಗೆ ಕುಡಿಸುವುದು, ಒಳಗೆ ನಾನು ಟೀ ಕುಡಿಯುವುದು. ಅಳಿಯನಿಗೆ ಹೇಳಬೇಕಾದ್ದನ್ನು ಅವರು ಬೈಕಿನ ಹ್ಯಾಂಡಲ್‌ಗೆ ಹೇಳುತ್ತಿದ್ದರು: ಹೊಸ ಪೆಟ್ರೋಲ್ ಹಾಕಿಸಬೇಕು, ಸ್ವಲ್ಪ ದೂರ ಓಡಿಸಬೇಕು. ಮಗಳು ಕಿಟಕಿಯಲ್ಲಿ ಬಟ್ಟೆ ಮಡಿಸುತ್ತ ನಿಲ್ಲುತ್ತಿದ್ದಳು. ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದಳು. ತಾವು ಕದ್ದು ನೋಡುವುದು ಇನ್ನೊಬ್ಬರಿಗೆ ಗೊತ್ತಿಲ್ಲವೆಂದು ಅಪ್ಪ ಮಗಳು ಇಬ್ಬರೂ ನಂಬಿದ್ದರು. ನನಗಂತೂ ರೇಗಿಹೋಗುತ್ತಿತ್ತು.

ಒಮ್ಮೆ ಬೇಸರಕ್ಕೆ ಬಾಟಲಿಯ ಮೇಲಿನ ಅಕ್ಷರ ಓದಿದೆ. ಇಡೀ ಬಾಟಲಿಯನ್ನು ಒಂದೇ ಸಲ ತುಂಬಿದ ಟ್ಯಾಂಕಿಗೆ ಸುರಿಯಬೇಕು, ಆಮೇಲೆ ತಿಂಗಳುಗಟ್ಟಲೆ ಅದರ ತಂಟೆಗೆ ಹೋಗಬೇಕಿಲ್ಲ. ಭಾವ ಆ ಒಂದು ಬಾಟಲಿಯನ್ನು ವಾರವಾರಕ್ಕೆ ಪಾಲು ಮಾಡಿ ಹಾಕುತ್ತಿದ್ದರು. ಪ್ರಮಾಣವೂ ಮೀರಲಿಲ್ಲ, ಭಾನುವಾರವೂ ತಪ್ಪಲಿಲ್ಲ. ಅಷ್ಟು ಸ್ವಲ್ಪ ಹಾಕಿದರೆ ಮಸಿ ಕರಗುವುದೇ ಎಂದು ನಾನು ಕೇಳಲಿಲ್ಲ. ಬಾಟಲಿಯನ್ನು ಇದ್ದಲ್ಲೇ ಇಟ್ಟೆ.

ಎರಡು ವರ್ಷ ಹೀಗೇ ನಡೆಯಿತು. ಒಂದು ಭಾನುವಾರ ಭಾವ ಟ್ಯಾಂಕಿನ ಮುಚ್ಚಳ ತೆಗೆದು ಬಗ್ಗಿ ನೋಡಿದರು. ಮೂಸಿದರು. ನನ್ನನ್ನು ಹೊರಗೆ ಕರೆದರು. ಎಷ್ಟೋ ವಾರದಿಂದ ಪೆಟ್ರೋಲ್ ಅಷ್ಟೇ ಇದೆ, ವಾಸನೆಯೂ ಹಳಸಿದೆ, ಈ ಗಾಡಿ ಓಡುತ್ತಿಲ್ಲ ಎಂದರು. ನಾನು ಏನೋ ಹೇಳಿ ತೇಲಿಸುವಷ್ಟರಲ್ಲಿ ಅಳಿಯ ಬಾಗಿಲಿಗೆ ಬಂದ. ಅವನಿಗೆ ಸುಳ್ಳು ಬರುವುದಿಲ್ಲ, ಅದೊಂದು ದೋಷ.

"ಕಂಪನಿಯವರು ವ್ಯಾನ್ ಕೊಟ್ಟು ಆರು ತಿಂಗಳಾಯ್ತು ಮಾವ," ಎಂದ. "ಬೈಕ್ ಕೇಳ್ಕೊಂಡು ಗಿರಾಕಿಗಳೂ ಬಂದಿದ್ರು. ಇವಳು ಮಾರೋಕೆ ಬಿಡ್ತಿಲ್ಲ. ಬೈಕ್ ಹೋದ್ರೆ ಅಪ್ಪ ಬರಲ್ಲ ಅಂತಾಳೆ."

ಕಿಟಕಿಯಲ್ಲಿ ಯಾರೂ ಇರಲಿಲ್ಲ. ಭಾವ ಸಿರಿಂಜಿನಲ್ಲಿದ್ದುದನ್ನು ಬಾಟಲಿಗೇ ವಾಪಸ್ಸು ಬಿಟ್ಟು, ಮುಚ್ಚಳ ತಿರುಗಿಸಿ ಬಿಗಿ ಮಾಡಿದರು.

"ನಿಂತ ಗಾಡಿಗೆ ಔಷಧಿ ಹಾಕಿ ಏನೂ ಪ್ರಯೋಜನ ಇಲ್ಲ," ಎಂದರು. "ಮಾರಿಬಿಡಿ."

ಅಷ್ಟು ಹೇಳಿ ತಮ್ಮ ಬೈಕ್ ಸ್ಟಾರ್ಟ್ ಮಾಡಿದರು. ಆ ವಾರವೆಲ್ಲ ಮಗಳು ಗಂಡನಿಗೆ ಬೈದಳು, ನನಗೆ ಫೋನಿನಲ್ಲಿ ಬೈದಳು, ಕೊನೆಗೆ ಅತ್ತಳು. ನಾನು ಸಮಾಧಾನ ಹೇಳಿದೆ, ಹೇಳಿದ್ದರಲ್ಲಿ ನನಗೇ ನಂಬಿಕೆಯಿರಲಿಲ್ಲ. ಭಾವನ ಹಟ ನನಗೆ ಗೊತ್ತು. ಶನಿವಾರ ಬೈಕು ಮಾರಾಟವಾಯಿತು.

ಭಾನುವಾರ ಬೆಳಿಗ್ಗೆ ಭಾವ ನನ್ನ ಮನೆ ಮುಂದೆ ಹಾರ್ನ್ ಹೊಡೆದರು. ಏನೂ ಕೇಳದೆ ಹತ್ತಿ ಕೂತೆ. ಅದೇ ಬೀದಿ, ಅದೇ ಬಾಗಿಲು. ಕಿಟಕಿಯ ಕೆಳಗೆ ಜಾಗ ಖಾಲಿ. ಭಾವ ಬರಿಗೈಯಲ್ಲಿ ಇಳಿದು ಬಾಗಿಲೆದುರು ನಿಂತರು. ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡರು. ಅಳಿಯ ಬಾಗಿಲು ತೆಗೆದು, ಬೈಕು ಮಾರಿಬಿಟ್ಟೆವು ಮಾವ ಎಂದು ತಪ್ಪು ಮಾಡಿದವನ ಹಾಗೆ ಹೇಳಿದ. ಗೊತ್ತು ಎಂದರು ಭಾವ. ಹಾಗಾದರೆ ಬಂದದ್ದೇಕೆ ಎಂಬಂತೆ ಅಳಿಯ ಬಾಗಿಲು ಹಿಡಿದು ನಿಂತ. ನನಗೇ ಏನೋ ಕೆಲಸವಿತ್ತು, ಭಾವ ಜೊತೆಗೆ ಬಂದರು ಎಂಬ ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಈ ಒಂದು ಸಲ ಅವರೇ ಹೇಳಿಕೊಳ್ಳಲಿ ಅನ್ನಿಸಿತು.

ಭಾವ ಗಂಟಲು ಸರಿಮಾಡಿಕೊಂಡರು.

"ಮಗಳನ್ನ ನೋಡೋಕೆ ಬಂದೆ," ಎಂದರು.

ಒಳಗೆ ಪಾತ್ರೆಯ ಸದ್ದು ನಿಂತಿತು. ಅವಳು ಒದ್ದೆ ಕೈಯಲ್ಲೇ ಬಂದು ಗಂಡನ ಹಿಂದೆ ನಿಂತಳು. ಕಣ್ಣು ಕೆಂಪಾಗಿತ್ತು.

"ಅಲ್ಲಿಂದ ಸರಿಯಾಗಿ ಕಾಣಲ್ಲ ಅಪ್ಪ," ಎಂದಳು. "ಒಳಗೆ ಬಾ."

ಭಾವ ಚಪ್ಪಲಿ ಬಿಟ್ಟರು.